ಹಾಲಿನ ಘಾಟು

ಗಂಡನ ತಮ್ಮ ಈರಣ್ಣ ಒಳಗೆ ಬಂದವನೇ ಮೂಗರಳಿಸಿ ನಿಂತ. ಅವನು ಹೆಡ್ ಕಾನ್‌ಸ್ಟೇಬಲ್. ಗಾಂಜಾ ದಾಳಿಗೆ ಹೊರಟರೆ ಸಾಹೇಬರು ಅವನನ್ನು ಬಿಟ್ಟು ಹೋಗುತ್ತಿರಲಿಲ್ಲ. ಸುಮಿತ್ರೆ ಅವಸರದಿಂದ ಪಾತ್ರೆಗೆ ಮುಚ್ಚಳ ಹಾಕಿದಳು. ಒಲೆಯ ಮೇಲಿದ್ದ ಹಾಲಿನಿಂದ ಹಸಿಮಣ್ಣಿನಂಥ ಘಾಟು ಏಳುತ್ತಿತ್ತು.

“ಏನ್ ವಾಸನಿ ವೈನಿ ಇದು?”

“ಕಷಾಯ. ನಿಮ್ಮಣ್ಣಾರಿಗೆ.”

ಅವನು ನೇರ ಒಲೆಯ ಬಳಿ ಹೋಗಿ ಮುಚ್ಚಳ ತೆಗೆದ. ಅವಳು ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಖರೇ ಹೇಳ್ರಿ.”

“ಕ್ಯಾನ್ಸರ್ ಔಷಧಕ್ಕ ಅವರ ಹೊಟ್ಟ್ಯಾಗ ಗುಟುಕು ನೀರೂ ನಿಲ್ಲವಲ್ತು, ಈರಣ್ಣ. ಇದನ್ನ ಕುಡದ ಮ್ಯಾಲೆ ನಿನ್ನೆ ಅರ್ಧ ರೊಟ್ಟಿ ತಿಂದ್ರು. ಹಿಡ್ಕೊಂಡು ಹೋಗೂದಿದ್ರ ನನ್ನ ಕರ್ಕೊಂಡು ಹೋಗು. ಅವರನ್ನ ಮುಟ್ಟಬ್ಯಾಡ.”

“ಯಾರು ತಂದುಕೊಟ್ರು?”

“ದೇವರಾಣಿ ಗೊತ್ತಿಲ್ಲ. ಸೋಮವಾರಕ್ಕೊಮ್ಮೆ ನಸುಕಿನ್ಯಾಗ ಬಾಗಿಲ ಮುಂದ ಪೊಟ್ಟಣ ಇರ್ತೈತಿ. ಬಿಚ್ಚಿದ ಕೂಡ್ಲೆ ವಾಸನಿ ಗುರ್ತು ಹತ್ತಿತು. ನಮ್ಮಜ್ಜ ಹಾಲಾಗ ಕುದಿಸಿ ಕುಡೀತಿದ್ದ.”

“ಬ್ಯಾರೆ ಯಾರ ಮುಂದರ ಹೇಳೀರೇನು?”

“ಯಾರಿಗೂ ಹೇಳಿಲ್ಲ.”

ಒಳಕೋಣೆಯಲ್ಲಿ ಗಂಡ ಕೆಮ್ಮಿದ. ಈರಣ್ಣ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿ ಕಿಟಕಿಯ ಕದ ಮುಚ್ಚಿದ. ಆಮೇಲೆ ಬಾಗಿಲಿನ ಅಗುಳಿ ಹಾಕಿದ.

“ಮುಂದಿನ ವಾರ ನಂದು ಬೆಳಗಾವ್ಯಾಗ ಬಂದೋಬಸ್ತ್ ಡ್ಯೂಟಿ ಐತ್ರಿ,” ಎನ್ನುತ್ತ ಅವನು ಅಂಗಿಯೊಳಗಿಂದ ಎರಡು ಪೊಟ್ಟಣ ತೆಗೆದು ಅವಳ ಕೈಗಿಟ್ಟ.