ಕಲ್ಲಿನಡಿಯ ಹುಳುಗಳು

"ಇಲ್ಲೇ ನೋಡ್ರಿ ಮೇಡಂ. ಮ್ಯಾಲೆಲ್ಲ ತಿರುಗೋದು ಬ್ಯಾಡ. ಆಕೀ ಹೊಲದ ನೀರು ನಮ್ಮ ಕಡೆ ಇಳಿಯೋದು ಇಲ್ಲೇ."

ರಾಜೇಶ್ವರಿ ಹಳ್ಳದ ದಂಡೆಯಲ್ಲಿ ನಿಂತು ಬೆರಳು ಮಾಡಿ ತೋರಿಸಿದಳು. ಕಲಬುರಗಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮುಸರತ ತಲೆಯಾಡಿಸಿ ರಬ್ಬರ್ ಬೂಟು ಏರಿಸಿಕೊಂಡಳು. ಬದುವಿನ ಮೇಲೆ ಪಂಚಾಯಿತಿ ಸದಸ್ಯ ಮಾಣಿಕಪ್ಪ, ಅವನ ಹಿಂದೆ ಊರಿನ ಮಂದಿ. ಯಾರ ಮುಖದಲ್ಲೂ ನಗುವಿರಲಿಲ್ಲ.

ಚಿಮ್ಮನಚೋಡದಾಚೆಯ ಈ ಹಳ್ಳದ ಮೇಲ್ಗಡೆಯ ಹೊಲ ಆಸ್ತಿ ಪಾಲಾದಾಗ ಭಾವನಿಗೆ ಹೋಗಿತ್ತು. ಕೆಳಗಿನದು ರಾಜೇಶ್ವರಿಯ ಗಂಡ ಸಿದ್ದಲಿಂಗೇಶನಿಗೆ ಬಂತು. ಭಾವನ ಹೆಂಡತಿಯಾದ ನೆಗೆಣ್ಣಿ ಭಾಗಮ್ಮ ಬಳಸಿ ಬಿಟ್ಟ ನೀರನ್ನು ತಾನು ಬಳಸಬೇಕಲ್ಲ ಎಂಬುದು ಅಂದಿನಿಂದ ರಾಜೇಶ್ವರಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಭಾವ ತೀರಿಹೋದ. ಭಾಗಮ್ಮ ಸೊರಗಲಿಲ್ಲ, ಒಬ್ಬಳೇ ನಿಂತು ಬಿತ್ತಿಸಿದಳು, ತೊಗರಿ ಎದೆಮಟ್ಟ ಬೆಳೆಯಿತು. ಮುಳ್ಳು ಇನ್ನಷ್ಟು ಒಳಗಿಳಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ರಾಜೇಶ್ವರಿಯ ಎಮ್ಮೆ ಹೊಟ್ಟೆಯುಬ್ಬಿ ಸತ್ತಿತು. ಹಸಿ ಮೇವು ಹೆಚ್ಚಾಗಿದೆ ಎಂದರು ದನದ ಡಾಕ್ಟರು. ಅವಳು ಒಪ್ಪಲಿಲ್ಲ. ಭಾಗಮ್ಮ ತೊಗರಿಗೆ ಹೊಡೆದು ಉಳಿದ ಕೀಟನಾಶಕದ ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲುತ್ತಾಳೆ, ಎಮ್ಮೆ ಅದನ್ನೇ ಕುಡಿದು ಸತ್ತಿತು ಎಂದು ಮನೆಮನೆಗೆ ಹೋಗಿ ಹೇಳಿದಳು. ಊರು ನಂಬಿತು. ಭಾಗಮ್ಮನ ಹೊಲಕ್ಕೆ ಆಳುಗಳು ಬರುವುದು ನಿಂತಿತು. ಅವಳು ಕಂಡರೆ ಹೆಂಗಸರು ಸೆರಗು ಸರಿಸಿಕೊಂಡು ಆಚೆ ಬದಿ ನಡೆದರು. ಕೊನೆಗೆ ಮಾಣಿಕಪ್ಪನ ಮುಂದೆ ತೀರ್ಮಾನವಾಯಿತು: ಹಳ್ಳವನ್ನು ಪರೀಕ್ಷೆ ಮಾಡಿಸುವುದು, ವಿಷ ಇರುವುದು ಖರೆಯಾದರೆ ಹಳ್ಳದಿಂದ ನೀರೆತ್ತುವ ಭಾಗಮ್ಮನ ಮೋಟಾರು ಕಿತ್ತುಹಾಕುವುದು.

ಮುಸರತ ಚೀಲದಿಂದ ತೆಗೆದದ್ದು ಒಂದು ಬಲೆ, ಒಂದು ಬಿಳಿ ತಟ್ಟೆ.

"ಬಾಟ್ಲಿ ಎಲ್ಲಿ ಅದರಿ?" ರಾಜೇಶ್ವರಿ ಕೇಳಿದಳು. "ನೀರು ತುಂಬಿಕೊಂಡು ಹೋಗಂಗಿಲ್ಲೇನ್ರಿ?"

"ಬಾಟ್ಲಿ ಇವತ್ತಿನ ನೀರಿನ ಸುದ್ದಿ ಅಷ್ಟೇ ಹೇಳ್ತದ. ನಾ ಹುಳ ನೋಡ್ತೀನಿ."

ಹುಳುಗಳನ್ನು ನೋಡಲು ಕಲಬುರಗಿಯಿಂದ ಬರಬೇಕಿತ್ತೇ ಎಂದು ಯಾರೋ ಗೊಣಗಿದರು. ರಾಜೇಶ್ವರಿಗೆ ಸಿಟ್ಟು ನೆತ್ತಿಗೇರಿತು. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣುಗಳು ಉರಿಯುತ್ತಿದ್ದವು.

ಮುಸರತ ಮೊಣಕಾಲು ನೀರಿನಲ್ಲಿ ನಿಂತು ಕಲ್ಲು ಮಗುಚಿದಳು, ಬಲೆ ಒಡ್ಡಿದಳು. ತಟ್ಟೆಗೆ ಸುರಿದಾಗ ಮಂದಿ ಬಗ್ಗಿ ನೋಡಿದರು. ಮೂರು ಬಾಲದ ಸಣ್ಣ ಹುಳು, ಮರಳಿನ ಗೂಡು ಕಟ್ಟಿಕೊಂಡವು, ಬೆರಳ ಗಾತ್ರದ ಕಂದು ಹುಳು. ಒಂದೂ ಮಿಸುಕಲಿಲ್ಲ.

ರಾಜೇಶ್ವರಿ ಉಸಿರು ಬಿಟ್ಟಳು.

"ಎಲ್ಲಾ ಸತ್ತಾವ," ಎಂದ ಮಾಣಿಕಪ್ಪ. "ಇನ್ನೇನು ನೋಡೋದದ?"

ಅಷ್ಟರಲ್ಲಿ ಭಾಗಮ್ಮ ಬಂದಳು. ಕೈಯಲ್ಲಿ ಚೀಲ, ಹಣೆಯಲ್ಲಿ ವಿಭೂತಿ. ನಿನ್ನೆಯೇ ತಂಗಿಯೊಡನೆ ನಾಲವಾರದ ಮಠಕ್ಕೆ ಹೋಗಿದ್ದವಳು, ಈಗಷ್ಟೇ ಬಸ್ಸಿಳಿದಿದ್ದಳು. ರಾಜೇಶ್ವರಿಗೆ ಅದು ಗೊತ್ತಿರಲಿಲ್ಲ. ಮಂದಿ ದಾರಿ ಬಿಡಲಿಲ್ಲ. ಒಬ್ಬ ಅವಳ ಕಾಲ ಬಳಿ ಉಗುಳಿದ. ಮೋಟಾರು ಇವತ್ತೇ ಕೀಳಿಸುತ್ತೇನೆ ಎಂದು ಮಾಣಿಕಪ್ಪ ಹೇಳಿದ.

"ನನ್ನ ಎಮ್ಮಿ ಕೊಂದಾಕಿ ನೀ," ಎಂದಳು ರಾಜೇಶ್ವರಿ.

ಭಾಗಮ್ಮ ಅವಳತ್ತ ತಿರುಗಲಿಲ್ಲ. ತಟ್ಟೆಯನ್ನೇ ನೋಡಿದಳು. "ಈ ವರ್ಷ ನಾ ಎಣ್ಣಿನೇ ಹೊಡದಿಲ್ಲ. ತೊಗರಿ ಹೂವಿಗೆ ಬಂದು ಹೊಡಿಯೋ ಹೊತ್ತಿಗೆ ಆಳು ಯಾರು ಬಂದಾರ?" ಕೇಳಿಸಿಕೊಂಡವರು ಕಡಿಮೆ.

ಮುಸರತ ಮೇಲಕ್ಕೆ ನಡೆದಳು. ಭಾಗಮ್ಮನ ಹೊಲದ ನಟ್ಟನಡುವೆ ಹಳ್ಳಕ್ಕಿಳಿದು ಮತ್ತೆ ಬಲೆ ಹಾಕಿದಳು. ಅಲ್ಲಿ ಹುಳುಗಳು ತಟ್ಟೆಯ ತುಂಬ ಹರಿದಾಡಿದವು. ತಿರುಗಿ ಬಂದು ಸತ್ತ ಕಂದು ಹುಳುವೊಂದನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದಳು.

"ಇದು ಏರೋಪ್ಲೇನ್ ಚಿಟ್ಟಿ ಮರಿ. ರೆಕ್ಕಿ ಬರೋತನಕ ನೀರಾಗೇ ಇರ್ತದ. ಇಷ್ಟು ದೊಡ್ಡದಾಗಲಿಕ್ಕೆ ತಿಂಗಳುಗಟ್ಟಲೆ ಬೇಕು. ಎಣ್ಣಿ ತಾಕಿದ್ರ ಇಂಥವು ಉಳಿಯಂಗಿಲ್ಲ. ಇವು ಇಷ್ಟು ಬೆಳದಾವ ಅಂದ್ರ, ಇಷ್ಟು ದಿನ ಈ ನೀರು ಹಸನಾಗಿತ್ತು."

"ಮತ್ತ ಸತ್ತಾವಲ್ರಿ?" ಎಂದ ಮಾಣಿಕಪ್ಪ.

"ಮೈ ಇನ್ನೂ ಕೊಳತಿಲ್ಲ ನೋಡ್ರಿ. ಇವು ಸತ್ತದ್ದು ಇವತ್ತು ಮುಂಜಾನಿ. ಎಣ್ಣಿ ಬಿದ್ದದ್ದೂ ಈ ದಂಡಿಗೇ, ಮ್ಯಾಲಿಂದ ಬಂದಿಲ್ಲ."

ಮಂದಿಯ ಕಣ್ಣು ಈಗಷ್ಟೇ ಬಸ್ಸಿಳಿದು ಬಂದ ಭಾಗಮ್ಮನ ಕೈಯಲ್ಲಿದ್ದ ಚೀಲದ ಮೇಲೆ, ಹಣೆಯ ವಿಭೂತಿಯ ಮೇಲೆ ಹೋಯಿತು. ಉಗುಳಿದವನು ಹಿಂದೆ ಸರಿದ.

ಮಾಣಿಕಪ್ಪ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೇಳಿದ: "ಹಂಗಾದ್ರ ಇವತ್ತು ನಸುಕಿನಾಗ ಇಲ್ಲಿಗೆ ಯಾರು ಬಂದಿದ್ರು?"

ಇಷ್ಟು ಹೊತ್ತೂ ಎಲ್ಲರ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದ ಸಿದ್ದಲಿಂಗೇಶ, ತನಗೂ ಹೇಳಲು ಒಂದು ಮಾತು ಸಿಕ್ಕಿತೆಂಬ ಹಿಗ್ಗಿನಿಂದ ಮುಂದೆ ಬಂದ.

"ಬ್ಯಾರೆ ಯಾರೂ ಬಂದಿಲ್ರಿ. ಮೇಡಂನವರಿಗೆ ಹಳ್ಳಕ್ಕಿಳಿಲಿಕ್ಕೆ ತ್ರಾಸ ಆಗಬಾರ್ದು ಅಂತ ನಮ್ಮಾಕಿ ಒಬ್ಬಾಕೇ ಬಂದು ದಂಡಿ ಹಸನ ಮಾಡಿ ಹೋಗ್ಯಾಳ್ರಿ."