ಅಳತೆ ಚೀಟಿ

ಮಗಳ ರವಿಕೆಯ ಅಳತೆ ಕೇಳಿದ್ದಕ್ಕೆ ಚಂದ್ರಮತಿ ಎದ್ದರು. ಒಳಗೆ ಹೋಗಿ ಕಪಾಟಿನಿಂದ ದಪ್ಪ ಫೈಲೊಂದನ್ನು ತಂದರು.

ವರನ ತಾಯಿ ವಿನಯಾ ಹುಬ್ಬೇರಿಸಿದರು. ಧಾರೆ ಸೀರೆ, ರವಿಕೆ ಗಂಡಿನ ಕಡೆಯದು. ಅದಕ್ಕೇ ತೆಕ್ಕಟ್ಟೆಯಿಂದ ಕೋಟಕ್ಕೆ ಬಂದಿದ್ದರು. ಮದುವೆ ಭಾನುವಾರ. ಜಾತಕ ಕೂಡಿತ್ತು. ಹೆಣ್ಣು ನೋಡುವ ಶಾಸ್ತ್ರ ಮಾತ್ರ ಆಗಿರಲಿಲ್ಲ.

"ಅಂದಾಜಿಗ್ ಒಂದ್ ಹೊಲ್ಸಿರೆ ಆತಿಲ್ಯಾ ಅಕ್ಕ? ಯಾರ್ ಅಳ್ದ್ ಕಾಂತ್ರ್?"

"ಬ್ಯಾಡ. ನನ್ ಅನ್ವಿತಾ ಅಂದಾಜಿನ್ ಹೆಣ್ಣಲ್ಲ."

ಫೈಲಿನಲ್ಲಿದ್ದದ್ದು ಕಾದಂಬರಿ. ವಾರಪತ್ರಿಕೆಗಳಿಗೆ ಬೇರೆ ಲೋಕಗಳ ಕಥೆ ಬರೆಯುತ್ತಿದ್ದ ಚಂದ್ರಮತಿ ಇದನ್ನು ಬೇರೆಯೇ ರೀತಿ ಕಟ್ಟಿದ್ದರು. ವರ್ಣನೆಯಿಲ್ಲ, ಸಂಭಾಷಣೆಯಿಲ್ಲ. ಅನ್ವಿತಾಳ ಹೆಸರಿನ ಕಾಗದಗಳು ಮಾತ್ರ: ಅಂಕಪಟ್ಟಿ, ಕುಂದಾಪುರದ ಬಸ್ ಪಾಸ್, ಹಾಸ್ಟೆಲಿನಿಂದ ಅಮ್ಮನಿಗೆ ಬರೆದ ಕೋಪದ ಪತ್ರ, ದರ್ಜಿಯ ಚೀಟಿ. ವರ್ಷಕ್ಕೆ ನಾಲ್ಕು ಹಾಳೆ, ಇಪ್ಪತ್ನಾಲ್ಕು ವರ್ಷ. ಸಂಪಾದಕರು ಹಿಂದಿರುಗಿಸಿದ್ದರು: 'ರೂಪ ಹೊಸದು. ಆದರೆ ಇವು ಹೆಣ್ಣುಮಕ್ಕಳಿರುವ ಎಲ್ಲ ಮನೆಗಳಲ್ಲೂ ಇರುವ ಕಾಗದಗಳು. ಕಲ್ಪನೆ ಎಲ್ಲಿದೆ?'

ಮಗಳನ್ನು ಬರಿಗೈಯಲ್ಲಿ ಕಳುಹಿಸಲು ಚಂದ್ರಮತಿಗೆ ಮನಸ್ಸಿರಲಿಲ್ಲ. ಅವಳು ಎಂಥವಳೆಂದು ಆ ಮನೆಗೆ ತಿಳಿಯಬೇಕಿತ್ತು.

ವಿನಯಾ ಪತ್ರ ಓದಿ ನಕ್ಕರು. "ಹಾಸ್ಟೆಲಿಗ್ ಕಾಂಬುಕ್ ಬಪ್ಪತ್ತಿಗೆ ಅಮ್ಮ ಮೀನ್ ಸಾರ್ ತರ್ಲಿಲ್ಲ ಅಂದೇಳಿ ಇಷ್ಟ್ ಸಿಟ್ಟಾ ಮರ್ರೆ! ನಮ್ ನಿತೇಶಂಗೆ ಸಮ ಜೋಡಿ."

ನಗು ಅರ್ಧಕ್ಕೇ ನಿಂತಿತು. ಕಣ್ಣೊರೆಸಿಕೊಂಡು ಚೀಟಿಯ ಅಳತೆ ಬರೆದುಕೊಂಡರು. ಎದೆ ಮೂವತ್ನಾಲ್ಕು, ತೋಳು ಒಂಬತ್ತು. ಫೈಲಿನ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು.

"ಇದೆಂತಕ್ಕೆ ಅಕ್ಕ?"

"ಭಾನ್ವಾರದಿಂದ ಅವ್ಳ್ ನಿಮ್ಮನಿ ಹೆಣ್ಣ್. ಇನ್ ಅವ್ಳ್ ಕಥಿ ನೀವ್ ಬರಿನಿ."

ಫೈಲು ತೆಕ್ಕಟ್ಟೆಗೆ ಹೋಯಿತು. ಕಪಾಟಿನ ಆ ಖಾಲಿ ಜಾಗದಲ್ಲಿ ಚಂದ್ರಮತಿ ಬೇರೇನನ್ನೂ ಇಡಲಿಲ್ಲ.

ಭಾನುವಾರ ಬಂದದ್ದು ಹತ್ತಿರದ ನೆಂಟರಷ್ಟೇ. ಮದುವೆಯಾಗದವರು ಬರಬಾರದೆಂದು ಮೊದಲೇ ಹೇಳಿಯಾಗಿತ್ತು. ಚಪ್ಪರದಡಿ ಎರಡು ಕುರ್ಚಿ. ಒಂದರ ಮೇಲೆ ಪಂಚೆ, ಅಂಗಿ. ಇನ್ನೊಂದರ ಮೇಲೆ ಸೀರೆ, ರವಿಕೆ. ಯಾರೂ ಕುಳಿತಿರಲಿಲ್ಲ, ಯಾರೂ ಬಂದು ಕೂರುವವರಿರಲಿಲ್ಲ.

ತೀರಿಹೋದ ಮಕ್ಕಳಿಗೂ ಪ್ರಾಯ ಬಂದಾಗ ಧಾರೆ ಎರೆಯುವ ಪದ್ಧತಿ ಎರಡೂ ಮನೆಗಳಲ್ಲಿತ್ತು. ಹುಟ್ಟಿ ಹನ್ನೊಂದೇ ದಿನ ಬದುಕಿದ್ದ ಮಗಳ ರವಿಕೆಯ ತೋಳನ್ನು ಚಂದ್ರಮತಿ ಬಾಗಿ ಸರಿಮಾಡಿದರು, ಸರಿಯಾಗಿ ಒಂಬತ್ತು ಇಂಚು.