ಬೆಳ್ಳುಳ್ಳಿ ಬುಟ್ಟಿ ಖಾಲಿಯಾಗುವವರೆಗೆ

ನನ್ನ ಸ್ವಂತ ದನಿ ಈಗ ಹೇಗಿದೆಯೋ ಎಂಬ ಅಳುಕು ನನಗೆ. ನಾನು ಇಷ್ಟು ದಿನ ಇದ್ದ ದೊಡ್ಡ ಸಾಮಾಜಿಕ ಜಾಲತಾಣದಲ್ಲಿ ಎಲ್ಲರ ಪರವಾಗಿಯೂ ಯಂತ್ರವೇ ಮಾತಾಡುತ್ತದೆ. ಯಾರು ವಿಚಾರಿಸಿದರೂ ಅದು ನನ್ನದೇ ದನಿಯಲ್ಲಿ "ಸೂಪರಾಗಿದ್ದೀನಿ" ಎನ್ನುತ್ತಿತ್ತು. ಅಪ್ಪ ತೀರಿಕೊಂಡ ದಿನವೂ ಹಾಗೇ ಅಂದಿತು. ಅದಕ್ಕೇ ಬಿಟ್ಟುಬಂದೆ.

ಇಂದು ಸೇರಿದ್ದು ಒಂದು ಪುಟ್ಟ ಬಳಗ. ಸಂಜೆ ಎಲ್ಲರೂ ವಿಡಿಯೊ ಕರೆಯಲ್ಲಿ ಕೂಡುತ್ತಾರೆ, ಯಂತ್ರಗಳಿಗೆ ಪ್ರವೇಶವಿಲ್ಲ. ಧಾರವಾಡದ ನೀಲವ್ವಜ್ಜಿ ಬೆಳ್ಳುಳ್ಳಿ ಸುಲಿಯುತ್ತ, "ಹ್ಯಾಂಗಿದ್ದೀಯವ್ವಾ ಸುಮೇಧಾ?" ಎಂದರು.

ಅಭ್ಯಾಸದಂತೆ, ಯಂತ್ರ ಉತ್ತರಿಸಲೆಂದು ಕಾಯುತ್ತ ಕುಳಿತೆ.

ಅಜ್ಜಿ ನಕ್ಕರು. "ಮೊದಲನೇ ದಿನ ನಾನೂ ಹಿಂಗ ಕುಂತಿದ್ದೆ. ಅವಸರ ಇಲ್ಲ ತಂಗಿ, ಬುಟ್ಟಿ ತುಂಬ ಬಳ್ಳೊಳ್ಳಿ ಐತಿ."

ಯಾರೂ ಕರೆ ಬಿಟ್ಟು ಹೋಗಲಿಲ್ಲ. ಕೊನೆಗೆ ಗೊಗ್ಗರು ದನಿಯೊಂದು ಹೊರಬಂತು. ಅದು ನನ್ನದೇ.

"ಚೆನ್ನಾಗಿಲ್ಲ ಅಜ್ಜಿ. ಅಪ್ಪ ತುಂಬ ನೆನಪಾಗ್ತಾರೆ."